ಕ್ಯಾಮೆರಾ ಮಾತ್ರೆ ನುಂಗುವ ಮೊದಲು

ಪ್ರಶ್ನೆ (ಸಕಲೇಶಪುರ): ಡಾಕ್ಟ್ರೇ, ಅಮ್ಮನಿಗೆ 62 ವರ್ಷ. ಹಿಮೋಗ್ಲೋಬಿನ್ 7ಕ್ಕೆ ಇಳಿದಿದೆ, ಕಬ್ಬಿಣದ ಮಾತ್ರೆ ಕೊಟ್ಟರೂ ಏರುತ್ತಿಲ್ಲ. ಬಾಯಿಂದ ಎಂಡೋಸ್ಕೋಪಿ, ಕೆಳಗಿನಿಂದ ಕೊಲೊನೋಸ್ಕೋಪಿ ಎರಡೂ ಆಯ್ತು, ಏನೂ ಕಾಣಲಿಲ್ಲ. ಈಗ ಕ್ಯಾಮೆರಾ ಇರುವ ಮಾತ್ರೆ ನುಂಗಬೇಕಂತೆ. ಪುಟ್ಟ ರೋಬೋಟ್ ರಕ್ತನಾಳದಲ್ಲಿ ಈಜಿ ಗಾಯ ಹೊಲಿಯುವ ವಿಡಿಯೋ ವಾಟ್ಸಾಪ್‌ನಲ್ಲಿ ನೋಡಿ ಅಮ್ಮ ಹೆದರಿದ್ದಾರೆ. ಇದೂ ಅದೇನಾ?

ಉತ್ತರ (ಜೀರ್ಣಾಂಗ ತಜ್ಞ, ಹಾಸನ): ಅಲ್ಲ, ಅಮ್ಮನಿಗೆ ಧೈರ್ಯ ಹೇಳಿ. ಇದು ಈಜುವುದಿಲ್ಲ, ಹೊಲಿಯುವುದೂ ಇಲ್ಲ. ಸುಮಾರು 26 ಮಿ.ಮೀ. ಉದ್ದ, 11 ಮಿ.ಮೀ. ದಪ್ಪದ ಮಾತ್ರೆ. ಊಟವನ್ನು ತಳ್ಳುವ ಹಾಗೆ ಕರುಳೇ ಇದನ್ನೂ ತಳ್ಳುತ್ತದೆ. ಎಂಟು ಗಂಟೆಯೋ ಅದಕ್ಕಿಂತ ಜಾಸ್ತಿಯೋ ಫೋಟೋ ತೆಗೆದು, ಸೊಂಟಕ್ಕೆ ಕಟ್ಟಿದ ರೆಕಾರ್ಡರ್‌ಗೆ ಕಳಿಸುತ್ತದೆ. ಅಮೆರಿಕದಲ್ಲಿ 2001ರಲ್ಲೇ ಇದಕ್ಕೆ ಅನುಮತಿ ಸಿಕ್ಕಿದೆ.

ಸಣ್ಣಕರುಳು ಆರು ಮೀಟರ್‌ನಷ್ಟು ಉದ್ದ. ನಿಮ್ಮ ಎರಡು ಸ್ಕೋಪಿಗಳೂ ಅದರ ಎರಡು ತುದಿ ಮುಟ್ಟಿ ವಾಪಸ್ ಬಂದಿವೆ. ನಡುವೆ ಎಲ್ಲೋ ರಕ್ತ ಸೋರುತ್ತಿರಬಹುದು. ಮಾತ್ರೆ ಅದನ್ನು ತೋರಿಸಬಹುದು ಅಷ್ಟೇ, ನಿಲ್ಲಿಸಲಾರದು, ಚೂರು ಕಿತ್ತು ಪರೀಕ್ಷೆಗೂ ತರಲಾರದು.

ಒಂದು ಕೇಳುತ್ತೇನೆ, ಅಮ್ಮ ಮಂಡಿನೋವಿಗೆ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗುತ್ತಿದ್ದಾರಾ? ಎಷ್ಟೋ ಜನ ಇದನ್ನು ಹೇಳುವುದೇ ಇಲ್ಲ. ಆ ಮಾತ್ರೆಗಳಿಂದ ಸಣ್ಣಕರುಳಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಕರುಳು ಕಿರಿದಾಗಲೂಬಹುದು. ಕರುಳಿನ ಟಿಬಿ, ಹಳೆಯ ಹೊಟ್ಟೆ ಆಪರೇಷನ್ ಇದ್ದರೂ ಹಾಗೆಯೇ. ಕಿರಿದಾದ ಜಾಗದಲ್ಲಿ ಕ್ಯಾಮೆರಾ ಮಾತ್ರೆ ಸಿಕ್ಕಿಕೊಂಡರೆ ಅದನ್ನು ತೆಗೆಯಲು ಆಪರೇಷನ್ ಬೇಕಾಗಬಹುದು. ಅದಕ್ಕೇ ಎಲ್ಲವನ್ನೂ ಮೊದಲೇ ಬಿಚ್ಚಿ ಹೇಳಿ, ಪೇಸ್‌ಮೇಕರ್ ಇದ್ದರೆ ಅದನ್ನೂ. ಕಬ್ಬಿಣದ ಮಾತ್ರೆಯಿಂದ ಕರುಳೊಳಗೆ ಕಪ್ಪಾಗಿ ಫೋಟೋ ಕೆಡುತ್ತದೆ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ.

ಪ್ರಶ್ನೆ (ಆಲೂರು): ಹಾಗಾದರೆ ಆ ವಿಡಿಯೋ ಪೂರ್ತಿ ಸುಳ್ಳಾ ಸರ್?

ಉತ್ತರ: ಆಸೆ ಸುಳ್ಳಲ್ಲ, ಸಮಯ ಬೇಕು. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರೇ ಸ್ಕ್ರೂ ಆಕಾರದ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ರೋಬೋಟ್ ಮಾಡಿದ್ದಾರೆ. ಕಬ್ಬಿಣದ ಲೇಪ ಇರುವುದರಿಂದ ಹೊರಗಿನ ಕಾಂತಕ್ಷೇತ್ರದಿಂದ ಓಡಿಸಬಹುದು. ಹಲ್ಲಿನೊಳಗಿನ ಸೂಕ್ಷ್ಮ ಕೊಳವೆಗಳಿಗೆ ನುಗ್ಗಿ, ಬಿಸಿಯಿಂದ ಬ್ಯಾಕ್ಟೀರಿಯಾ ಕೊಲ್ಲುವುದನ್ನು 2022ರಲ್ಲಿ ತೋರಿಸಿದರು. ಅದು ಕಿತ್ತ ಹಲ್ಲುಗಳ ಮೇಲೆ ಮಾಡಿದ ಪ್ರಯೋಗ. ನನಗಂತೂ ಬಹಳ ಹೆಮ್ಮೆ. ಆದರೆ ಅದನ್ನು ನಂಬಿ ಈಗಿನ ಚಿಕಿತ್ಸೆ ಮುಂದೂಡಬೇಡಿ.

ಪ್ರಶ್ನೆ (ಸಕಲೇಶಪುರ): ಮಂಡಿನೋವಿನ ಮಾತ್ರೆ ತಗೊಳ್ತಿದ್ದಾರೆ ಸರ್! ಕ್ಯಾಮೆರಾ ಹೊರಗೆ ಬಂತು ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ: ಮಲದ ಜೊತೆ ಬರುತ್ತದೆ, ಗಮನಿಸುತ್ತಿರಲಿ. ಎರಡು ವಾರವಾದರೂ ಕಾಣದಿದ್ದರೆ ಹೊಟ್ಟೆಯ ಎಕ್ಸ್‌ರೇ. ಹೊಟ್ಟೆನೋವು, ವಾಂತಿ ಬಂದರೆ ಕಾಯಬೇಡಿ, ಅವತ್ತೇ ತೋರಿಸಿ. ಹೊರಬಂದಿದ್ದು ಖಾತ್ರಿ ಆಗುವವರೆಗೆ ಎಂಆರ್‌ಐ ಬೇಡ. ಆ ನೋವಿನ ಮಾತ್ರೆಯ ಸ್ಟ್ರಿಪ್ಪನ್ನು ನಾಳೆಯೇ ನಿಮ್ಮ ಡಾಕ್ಟರ್‌ಗೆ ತೋರಿಸಿ.