‘ಮಿ.’ ಅಂದರೆ ಮಿಲಿಯೋ, ಮಿಲಿಯನ್ನೋ?

ಎಲ್ಲರಿಗೂ ನಮಸ್ಕಾರ,

ಅಯೋಡಿನ್ ಉಪ್ಪಿನ ಬಗ್ಗೆ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಸುಲಭ, ತಕರಾರು ಇರುವುದು ತೂಕದ್ದು. ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಅದೇ ಪುಟದ ಕೆಳಗೆ ದೇಶದಲ್ಲಿ ತಯಾರಾಗುವ ಉಪ್ಪಿನ ಲೆಕ್ಕ, ಅದು ಮಿಲಿಯನ್ ಟನ್‌ಗಳಲ್ಲಿ. ನಡುವೆ ಮಿಲಿಗ್ರಾಂ, ಕಿಲೋ ಎಲ್ಲವೂ ಬರುತ್ತವೆ. ಪೂರ್ತಿ ಬರೆದರೆ ಗೊಂದಲವೇ ಇಲ್ಲ. ಆದರೆ ಕೋಷ್ಟಕದ ಕಿರಿದಾದ ಮನೆಗಳಲ್ಲಿ ಅಷ್ಟೆಲ್ಲ ಹಿಡಿಸುವುದಿಲ್ಲ, ಮೊಟಕು ಮಾಡಲೇಬೇಕು.

ಇಂಗ್ಲಿಷಿನವರಿಗೆ ಸಣ್ಣ ಎಂ ಅಂದರೆ ಮಿಲಿ, ದೊಡ್ಡ ಎಂ ಅಂದರೆ ಮೆಗಾ, ಗ್ರೀಕಿನ ಮ್ಯೂ ಅಂದರೆ ಮೈಕ್ರೋ. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದ ಇಲ್ಲ. ಹಾಗಾಗಿ ಮಿಲಿಯೂ ‘ಮಿ.’, ಮಿಲಿಯನ್ನೂ ‘ಮಿ.’ ಮೆಗಾ, ಮೆಟ್ರಿಕ್ ಎರಡೂ ‘ಮೆ.’ ಒಂದು ಕಡೆ ‘ಮಿ.ಗ್ರಾಂ’ ಎಂದು ಬರೆದು ಇನ್ನೊಂದು ಕಡೆ ‘ಮಿ. ಟನ್’ ಎಂದರೆ ಮೊದಲನೆಯದು ಗ್ರಾಮಿನ ಸಾವಿರದ ಒಂದು ಪಾಲು, ಎರಡನೆಯದು ಹತ್ತು ಲಕ್ಷ ಟನ್. ‘ಮಿ. ಟನ್’ ಅನ್ನು ಯಾರಾದರೂ ಮಿಲಿ ಎಂದೇ ಓದಿಕೊಂಡರೆ ಅದು ಬರೀ ಒಂದು ಕಿಲೋ! ಒಂದೇ ಅಕ್ಷರ, ನಡುವಿನ ಅಂತರ ನೂರು ಕೋಟಿ ಪಟ್ಟು.

‘ಮೈ.’ ಇನ್ನೂ ನಾಜೂಕು. ‘ಮೈ’ಯಲ್ಲಿ ಐತ್ವದ ಬಾಲ ಅಚ್ಚಿನಲ್ಲಿ ಮಸುಕಾದರೆ ಉಳಿಯುವುದು ‘ಮೆ’. ಮೈಕ್ರೋಗ್ರಾಂ ಹೋಗಿ ಮೆಗಾಗ್ರಾಂ ಆಯಿತು. ಮೆಗಾಗ್ರಾಂ ಅಂದರೆ ಹತ್ತು ಲಕ್ಷ ಗ್ರಾಂ, ಅಂದರೆ ಸರಿಯಾಗಿ ಒಂದು ಟನ್. ಒಂದು ಟನ್ನಿಗೆ ಲಕ್ಷ ಕೋಟಿ ಮೈಕ್ರೋಗ್ರಾಂ, 1ರ ಮುಂದೆ 12 ಸೊನ್ನೆ. (ಟ್ರಿಲಿಯನ್ ಅನ್ನುವುದಕ್ಕಿಂತ ಲಕ್ಷ ಕೋಟಿಯೇ ವಾಸಿ. ಬಜೆಟ್ ಸುದ್ದಿ ಓದಿ ಓದಿ ನಮಗೆ ಅದು ರೂಢಿಯಾಗಿದೆ.) ಹಾಗಂತ ಮ್ಯೂ ಚಿಹ್ನೆಯನ್ನೇ ಇಡೋಣ ಎಂದರೆ ಅದೂ ನಂಬಿಕೆಯದ್ದಲ್ಲ. ಸಿಂಬಲ್ ಫಾಂಟಿನಲ್ಲಿ ಹಾಕಿದ ಮ್ಯೂ, ಫಾಂಟ್ ಬದಲಾದ ಕೂಡಲೇ ಬರೀ ಎಂ ಆಗಿಬಿಡುತ್ತದೆ. ಮಾತ್ರೆ ಡಬ್ಬಿಗಳ ಮೇಲೆ ‘ಎಂಸಿಜಿ’ ಎಂದು ಹಾಕುವುದು ಇಂಥ ಎಡವಟ್ಟು ಬೇಡವೆಂದೇ. ಥೈರಾಯ್ಡ್ ಮಾತ್ರೆ 50 ಮೈಕ್ರೋಗ್ರಾಂ ಇರಬೇಕಾದಲ್ಲಿ 50 ಮಿಲಿಗ್ರಾಂ ಎಂದು ಓದಿದರೆ ಸಾವಿರ ಪಟ್ಟು ಜಾಸ್ತಿ, ಅಲ್ವಾ?

ಈ ಗೊಂದಲ ಸುಮ್ನೆ ಪುಸ್ತಕದ್ದಲ್ಲ. ಕೈಪಿಡಿಯ ಲೆಕ್ಕವನ್ನೇ ಹಾಕಿ ನೋಡಿದೆ. ಒಬ್ಬರಿಗೆ 150 ಮೈಕ್ರೋಗ್ರಾಂ ಎಂದರೆ ಒಂದು ಕೋಟಿ ಜನಕ್ಕೆ ದಿನಕ್ಕೆ ಒಂದೂವರೆ ಕಿಲೋ. 2011ರ ಜನಗಣತಿಯಲ್ಲಿ ಕರ್ನಾಟಕದ ಜನ 6.11 ಕೋಟಿ. ಎಲ್ಲರಿಗೂ ಅಷ್ಟಷ್ಟೇ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 9.2 ಕಿಲೋ, ವರ್ಷಕ್ಕೆ 3.3 ಟನ್ ಚಿಲ್ಲರೆ. ಇಡೀ ರಾಜ್ಯದ ವರ್ಷದ ಅಯೋಡಿನ್ ಒಂದು ಸಣ್ಣ ಲಾರಿಗೆ ಹಿಡಿಸುತ್ತದೆ! ಓದುವವರಿಗೆ ಈ ಬೆರಗು ಮುಟ್ಟಬೇಕಾದರೆ ಮೈಕ್ರೋಗ್ರಾಮಿನಿಂದ ಟನ್ನಿನ ತನಕ ಏಣಿಯ ಯಾವ ಮೆಟ್ಟಿಲೂ ಜಾರಬಾರದು.

ಪಿಪಿಎಂ ವಿಚಾರದಲ್ಲಿ ಮಾತ್ರ ನನಗೆ ದಾರಿ ಸಿಕ್ಕಿದೆ ಅನ್ನಿಸುತ್ತದೆ. ಅಂಗಡಿಗೆ ಬರುವ ಉಪ್ಪಿನಲ್ಲಿ ಅಯೋಡಿನ್ ಕನಿಷ್ಠ 15 ಪಿಪಿಎಂ ಇರಬೇಕು. ‘ದಶಲಕ್ಷದಲ್ಲಿ 15 ಭಾಗ’ ಎಂದು ಬರೆದರೆ ತಪ್ಪಿಲ್ಲ, ಆದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಹಟ್ಟಿಯಂಥ ಚಿನ್ನದ ಗಣಿಗಳಲ್ಲಿ ಅದಿರಿನ ಗುಣವನ್ನು ‘ಟನ್ನಿಗೆ ಇಷ್ಟು ಗ್ರಾಂ’ ಎಂದೇ ಹೇಳುವುದು. ತೂಕದ ಲೆಕ್ಕದಲ್ಲಿ ಪಿಪಿಎಂ ಅಂದರೂ ಅದೇ. ‘ಟನ್ ಉಪ್ಪಿಗೆ 15 ಗ್ರಾಂ ಅಯೋಡಿನ್’ ಎಂದರೆ ಅಡುಗೆ ಮಾಡುವವರಿಗೂ ಅರ್ಥವಾಗುತ್ತದೆ.

‘ಮೆಟ್ರಿಕ್’ ಪದವನ್ನು ಬಿಟ್ಟುಬಿಡೋಣ ಅಂತಿದ್ದೇನೆ. ಬ್ರಿಟಿಷರ 2,240 ಪೌಂಡಿನ ಟನ್, ಅಂದರೆ 1,016 ಕಿಲೋ, ಚಾಲ್ತಿಯಲ್ಲಿದ್ದಾಗ ಆ ಗುರುತು ಬೇಕಿತ್ತು. ಈಗ ಟನ್ ಎಂದರೆ ಸಾವಿರ ಕಿಲೋ ಎಂದೇ ಎಲ್ಲರೂ ತಿಳಿಯುತ್ತಾರೆ. ಪತ್ರಿಕೆಗಳು ಯಾಕೆ ಇನ್ನೂ ‘ಲಕ್ಷ ಮೆಟ್ರಿಕ್ ಟನ್’ ಎನ್ನುತ್ತವೋ!

ಗುಲಗಂಜಿ, ತೊಲ, ಸೇರು, ಮಣ, ಖಂಡಿ ಇದ್ದಾಗ ಒಂದೊಂದಕ್ಕೂ ಬೇರೆಯದೇ ಹೆಸರು, ಮೊಟಕು ಮಾಡಿದರೂ ಕಲಸಿಹೋಗುತ್ತಿರಲಿಲ್ಲ. ಆದರೆ ಅಲ್ಲೂ ಸುಖವಿರಲಿಲ್ಲ ಬಿಡಿ. ಬಂಗಾಳದ ಮಣ 37.3 ಕಿಲೋ, ಮದರಾಸಿನದು 25 ಪೌಂಡ್, ಅಂದರೆ 11.3 ಕಿಲೋ.

ಸದ್ಯ ನನ್ನ ಮನಸ್ಸಿನಲ್ಲಿರುವುದು ಹೀಗೆ: ‘ಮಿ.’ ಮಿಲಿಗೆ ಮಾತ್ರ ಮೀಸಲು, ಮಿಲಿಯನ್ ಕಂಡಲ್ಲೆಲ್ಲ ‘10 ಲಕ್ಷ’ ಅಥವಾ ‘ಕೋಟಿ’. ಮೈಕ್ರೋವನ್ನು ಮೊಟಕು ಮಾಡುವುದೇ ಬೇಡ, ಕೋಷ್ಟಕದ ಮನೆಯನ್ನೇ ಅಗಲ ಮಾಡುವುದು. ಪುಟ ವಿನ್ಯಾಸ ಮಾಡುವವರು ಇದಕ್ಕೆ ಒಪ್ಪುತ್ತಿಲ್ಲ. ‘ಮೈಕ್ರೋ.ಗ್ರಾಂ’, ‘ಮೈಗ್ರಾಂ’ ಹೀಗೆ ಏನಾದರೂ ನಿಮ್ಮಲ್ಲಿ ಯಾರಾದರೂ ಬಳಸಿದ್ದೀರಾ? ಔಷಧದ ಅಂಗಡಿಯಲ್ಲೋ ಪ್ರಯೋಗಾಲಯದಲ್ಲೋ ಕೆಲಸ ಮಾಡುವವರು ಕನ್ನಡದಲ್ಲಿ ಬರೆಯುವಾಗ ಏನು ಹಾಕುತ್ತೀರಿ ಎಂದು ತಿಳಿಸಿದರೆ ದೊಡ್ಡ ಉಪಕಾರ.