ಸಲಾಜಾರ್ 36 ವರ್ಷ ಪ್ರಧಾನಿಯಾಗಿ ಉಳಿದದ್ದು ಹೇಗೆ?

ಪ್ರಶ್ನೆ:
ಗೋವಾ ವಿಮೋಚನೆಯ ಬಗ್ಗೆ ಓದುವಾಗಲೆಲ್ಲ ಪೋರ್ಚುಗಲ್‌ನ ಸಲಾಜಾರ್ ಹೆಸರು ಎದುರಾಗುತ್ತದೆ. ಸೇನೆಯವನಲ್ಲ, ಜನರನ್ನು ಕುಣಿಸುವ ಭಾಷಣಕಾರನೂ ಅಲ್ಲ, ಕೊಯಿಂಬ್ರಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಮೇಷ್ಟ್ರು. 1932ರಿಂದ 1968ರವರೆಗೆ ಅಲುಗಾಡದೆ ಕೂತನಲ್ಲ, ಹಿಡಿತ ಎಲ್ಲಿತ್ತು?

ಉತ್ತರ 1:
ಖಜಾನೆಯ ಬೀಗದಕೈಯಲ್ಲಿ. 1926ರ ಮೇನಲ್ಲಿ ಸೇನೆ ಅಧಿಕಾರ ಹಿಡಿಯಿತು, ಲೆಕ್ಕ ಮಾತ್ರ ಹೊಂದಲಿಲ್ಲ. ಆಗಲೇ ಇವನನ್ನು ಹಣಕಾಸು ಮಂತ್ರಿ ಮಾಡಿದ್ದರು. ಕೇಳಿದ ಅಧಿಕಾರ ಸಿಗಲಿಲ್ಲವೆಂದು ಕೆಲವೇ ದಿನಕ್ಕೆ ಪಾಠ ಮಾಡಲು ವಾಪಸ್ ಹೋದ. 1928ರ ಏಪ್ರಿಲ್‌ನಲ್ಲಿ ಮತ್ತೆ ಕರೆದಾಗ ಷರತ್ತು ಹಾಕಿದ: ಯಾವ ಖಾತೆಯ ಖರ್ಚಿಗೂ ತನ್ನ ಒಪ್ಪಿಗೆ ಬೇಕು, ಸೇನೆಯದ್ದೂ ಸೇರಿ. ವರ್ಷದೊಳಗೆ ಬಜೆಟ್ಟಿನಲ್ಲಿ ಉಳಿತಾಯ ತೋರಿಸಿದ. ಬಂದೂಕು ಹಿಡಿದವರು ದುಡ್ಡಿಗೆ ಇವನ ಮುಖ ನೋಡುವಂತಾಯಿತು. 1933ರ ಸಂವಿಧಾನದ ಜನಮತದಲ್ಲಿ ಮತ ಹಾಕದೆ ಮನೆಯಲ್ಲಿದ್ದವರನ್ನೂ ‘ಹೌದು’ ಕಡೆಗೇ ಸೇರಿಸಿದರು. ಲೆಕ್ಕದ ಮೇಷ್ಟ್ರು, ಕೂಡಿಸುವುದನ್ನು ಹೇಳಿಕೊಡಬೇಕೆ!

ಉತ್ತರ 2:
ಅದು ಅರ್ಧ ಕತೆ. ಉಳಿದರ್ಧ ರಾಜಕೀಯ ಪೊಲೀಸ್, 1945ರಿಂದ ಅದರ ಹೆಸರು ಪಿಡೆ. ಶಿಕ್ಷೆ ಮುಗಿದ ಕೈದಿಯನ್ನೂ ‘ಭದ್ರತಾ ಕ್ರಮ’ ಎಂದು ಒಳಗೇ ಇಟ್ಟುಕೊಳ್ಳಬಹುದಿತ್ತು. ವಿಚಾರಣೆಯಲ್ಲಿ ನಿದ್ದೆಗೆಡಿಸುವುದು, ಗಂಟೆಗಟ್ಟಲೆ ಅಲುಗದಂತೆ ನಿಲ್ಲಿಸುವುದು. ಇದಕ್ಕೆ ‘ಪ್ರತಿಮೆ’ ಎಂದೇ ಹೆಸರಿತ್ತು. 1958ರ ಅಧ್ಯಕ್ಷ ಚುನಾವಣೆಯಲ್ಲಿ ಜನರಲ್ ಹುಂಬೆರ್ತು ದೆಲ್ಗಾದು, ತಾನು ಗೆದ್ದರೆ ಸಲಾಜಾರ್ ವಜಾ ಎಂದು ಬಹಿರಂಗವಾಗಿ ಹೇಳಿದ. ಮರುವರ್ಷ ನೇರ ಚುನಾವಣೆಯನ್ನೇ ಕಿತ್ತುಹಾಕಿದರು. 1965ರಲ್ಲಿ ದೆಲ್ಗಾದುವನ್ನು ಸ್ಪೇನ್ ಗಡಿಗೆ ಕರೆಸಿಕೊಂಡು ಪಿಡೆಯವರು ಕೊಂದರು.

ಉತ್ತರ 3:
ಗೋವಾ ವಿಷಯಕ್ಕೆ ಬಂದರೆ, 1951ರಲ್ಲಿ ವಸಾಹತುಗಳಿಗೆ ‘ಸಾಗರೋತ್ತರ ಪ್ರಾಂತ್ಯ’ ಎಂದು ಹೆಸರು ಬದಲಿಸಿ, ಬಿಟ್ಟುಕೊಡಲು ನಮ್ಮಲ್ಲಿ ವಸಾಹತೇ ಇಲ್ಲ ಎಂದು ವಾದಿಸಿದ. 1961ರ ಡಿಸೆಂಬರ್‌ನಲ್ಲಿ ಅವನ ಆಜ್ಞೆ: ಶರಣಾಗತಿ ಕೂಡದು, ಗೆಲ್ಲಬೇಕು ಇಲ್ಲವೇ ಸಾಯಬೇಕು. ಗವರ್ನರ್ ವಸ್ಸಾಲು ಇ ಸಿಲ್ವಾ ಆಜ್ಞೆ ಮೀರಿ 19ರಂದು ಶರಣಾಗಿ ಸಾವಿರಾರು ಜೀವ ಉಳಿಸಿದ. ಬಹುಮಾನವಾಗಿ ಸೇನೆಯಿಂದ ಉಚ್ಚಾಟನೆ. ಮರ್ಯಾದೆ ಮರಳಿದ್ದು ಪೋರ್ಚುಗಲ್‌ನ ಸರ್ವಾಧಿಕಾರವನ್ನು ಉರುಳಿಸಿದ 1974ರ ಕ್ರಾಂತಿಯ ನಂತರ. ಪೋರ್ಚುಗೀಸರ ಕೈಯಲ್ಲಿದ್ದ, ಕಾರವಾರದ ಮಗ್ಗುಲಿನ ಅಂಜದೀವ್ ದ್ವೀಪ ಸುಲಭಕ್ಕೆ ಸಿಗಲಿಲ್ಲ, ಅಲ್ಲಿ ನಮ್ಮ 7 ನಾವಿಕರು ಸತ್ತರು.

ಉತ್ತರ 4:
ಕೊನೆಯನ್ನೂ ಸೇರಿಸುತ್ತೇನೆ. 1968ರ ಆಗಸ್ಟ್‌ನಲ್ಲಿ ಎಸ್ತೊರಿಲ್‌ನ ಕೋಟೆಯಲ್ಲಿ ಕುರ್ಚಿಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಸೆಪ್ಟೆಂಬರ್‌ನಲ್ಲಿ ಶಸ್ತ್ರಕ್ರಿಯೆ, ಆಮೇಲೆ ಪಾರ್ಶ್ವವಾಯು. 27ಕ್ಕೆ ಮಾರ್ಸೆಲು ಕಯತಾನು ಪ್ರಧಾನಿಯಾದ. ಸಲಾಜಾರ್ ಚೇತರಿಸಿಕೊಂಡ, ಆದರೆ ಪದವಿ ಹೋಗಿದೆಯೆಂದು ಬಾಯಿಬಿಡುವ ಧೈರ್ಯ ಯಾರಿಗೂ ಇರಲಿಲ್ಲ. 1970ರ ಜುಲೈನಲ್ಲಿ ಸಾಯುವವರೆಗೂ ಮಂತ್ರಿಗಳು ಬಂದು ಎದುರು ಕೂತು, ಅವನೇ ಪ್ರಧಾನಿ ಎಂಬಂತೆ ನಟಿಸಿ ಹೋಗುತ್ತಿದ್ದರು.