ಪ್ರಿಂಟ್ ಮಾಡಿದ ಲೆನ್ಸ್ 60 ಗಿಗಾಹರ್ಟ್ಸ್‌ನಲ್ಲಿ ಯಾಕೆ ಕೈಕೊಟ್ಟಿತು?

ಯಲಹಂಕದ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ಕೊನೇ ವರ್ಷದ ಪ್ರಾಜೆಕ್ಟಿಗೆ 60 ಗಿಗಾಹರ್ಟ್ಸ್ ವೈರ್‌ಲೆಸ್ ಲಿಂಕ್ ಮಾಡುತ್ತಿದ್ದೇವೆ. ಸದ್ಯ ಕಾಲೇಜಿನ ಕಾರಿಡಾರಿನಲ್ಲೇ, 30 ಮೀಟರ್. ಸಣ್ಣ ಹಾರ್ನ್ (ಕೊಂಬಿನಾಕಾರದ ಆಂಟೆನಾ) ಮುಂದೆ ಇಡಲು, ರೇಡಿಯೋ ಅಲೆಯನ್ನು ಒಟ್ಟುಗೂಡಿಸುವ 10 ಸೆಂಟಿಮೀಟರ್ ಅಗಲದ ಲೆನ್ಸನ್ನು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್ ಮಾಡಿದೆವು. ಫೋಕಸ್ 10 ಸೆಂಟಿಮೀಟರ್ ಅಂತ ಲೆಕ್ಕ. ಸಿಗ್ನಲ್ ಏರಿದ್ದು ಬರೀ 6 ಡಿಬಿ (ಡೆಸಿಬೆಲ್), ಅಂದರೆ ನಾಲ್ಕು ಪಟ್ಟು. 20ರ ಹತ್ತಿರ ಬರಬೇಕಿತ್ತು ಅಲ್ವಾ? ಮುಂದಿನ ವಾರ ರಿವ್ಯೂ ಇದೆ.

ಪೀಣ್ಯದ ಟರ್ನರ್:
ಇನ್‌ಫಿಲ್, ಅಂದರೆ ಒಳಗೆ ತುಂಬುವ ಪ್ಲಾಸ್ಟಿಕ್, ಎಷ್ಟು ಇಟ್ಟಿರಿ?

ಯಲಹಂಕದ ವಿದ್ಯಾರ್ಥಿನಿ:
20 ಪರ್ಸೆಂಟ್ ಸರ್. ಫಿಲಮೆಂಟ್ ಉಳಿಯಲಿ ಅಂತ.

ಪೀಣ್ಯದ ಟರ್ನರ್:
ತಪ್ಪು ಅಲ್ಲೇ ಇದೆ ನೋಡಮ್ಮ. ನಿಮ್ಮ ಲೆಕ್ಕ ಗಟ್ಟಿ ಪ್ಲಾಸ್ಟಿಕ್ಕಿಗೆ, ಒಳಗಿರುವುದು ಜಾಸ್ತಿ ಗಾಳಿ. ಅಲೆ ಬಾಗಬೇಕಾದಷ್ಟು ಬಾಗುವುದಿಲ್ಲ, ಫೋಕಸ್ ಎಲ್ಲೋ ದೂರ ಹೋಗಿರುತ್ತದೆ. 100 ಪರ್ಸೆಂಟ್ ಇಟ್ಟು ಮತ್ತೆ ಪ್ರಿಂಟ್ ಮಾಡಿ. ಆಗಲೂ ಪಿಎಲ್‌ಎ ಒಂದೂವರೆ ಡಿಬಿಯಷ್ಟು ನುಂಗುತ್ತದೆ. ಎಚ್‌ಡಿಪಿಇ ನುಂಗುವುದು ಲೆಕ್ಕಕ್ಕೇ ಇಲ್ಲ. ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆ ಬಹಳಷ್ಟು ಅದರದ್ದೇ.

ನಾನು ಇಂಥ ಲೆನ್ಸ್ ಲೇತ್‌ನಲ್ಲಿ ತಿರುವಿಕೊಟ್ಟಿದ್ದೇನೆ. ಎಚ್‌ಡಿಪಿಇ ರಾಡ್ ಮೆತ್ತಗೆ, ಟೂಲ್ ಚೂಪಾಗಿರಬೇಕು. ಸಿಪ್ಪೆ ಶಾವಿಗೆ ಹಾಗೆ ಉದ್ದಕ್ಕೆ ಬಂದು, ರಾಡ್ ಹಿಡಿದು ತಿರುಗಿಸುವ ಚಕ್ಕಿಗೆ ಸುತ್ತಿಕೊಳ್ಳುತ್ತದೆ. ಅವಸರ ಮಾಡಿದರೆ ಬಿಸಿಯಾಗಿ ಮೇಲ್ಮೈ ಕರಗುತ್ತದೆ. ವಕ್ರಕ್ಕೆ ತಗಡಿನ ಟೆಂಪ್ಲೇಟ್ ಕತ್ತರಿಸಿ, ಲೆನ್ಸ್ ಮೇಲಿಟ್ಟು ಬೆಳಕಿಗೆ ಹಿಡಿಯುತ್ತೇನೆ. ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಒಂದು ಕಟ್. ಗಾಳಿಯಲ್ಲಿ ನಿಮ್ಮ ಅಲೆ 5 ಮಿಲಿಮೀಟರ್, ಈ ಪ್ಲಾಸ್ಟಿಕ್ಕಿನೊಳಗೆ 3.3. ಕಾಲು ಮಿಲಿಮೀಟರ್ ತಪ್ಪಿನೊಳಗೆ ನಿಂತರೆ ಸಾಕು, ಅದು ಲೇತ್‌ಗೆ ಕಷ್ಟವೇ ಅಲ್ಲ. ಆದರೆ ಪಿಎಲ್‌ಎ ಡ್ರಾಯಿಂಗ್ ತರಬೇಡಿ. ಎಚ್‌ಡಿಪಿಇಗೆ ನಡುಮಧ್ಯದ ದಪ್ಪ 19 ಮಿಲಿಮೀಟರ್ ಹತ್ತಿರ ಬರುತ್ತದೆ, ಹೊಸದಾಗಿ ಲೆಕ್ಕ ಹಾಕಿ.

ಜಗದೀಶ್ ಚಂದ್ರ ಬೋಸ್ 1890ರ ದಶಕದಲ್ಲೇ ಕಲ್ಕತ್ತೆಯಲ್ಲಿ ಇದೇ 5 ಮಿಲಿಮೀಟರ್ ಅಲೆ ಹಿಡಿದು ಕೆಲಸ ಮಾಡಿದ್ದರು. ನೆನಪಾದಾಗಲೆಲ್ಲ ಖುಷಿಯಾಗುತ್ತದೆ.

ಜಾಲಹಳ್ಳಿ ಆರ್‌ಎಫ್:
ಗುರಿಯ ಕಡೆಗೂ ಗಮನ ಇರಲಿ. ಇಷ್ಟಗಲದ ಲೆನ್ಸಿನ ಬೀಮ್ (ಹೊರಡುವ ಅಲೆಯ ಹರವು) ಸುಮಾರು ಮೂರೂವರೆ ಡಿಗ್ರಿ. 30 ಮೀಟರ್‌ನಲ್ಲಿ ಒಂದು ಡಿಗ್ರಿ ತಪ್ಪಿದರೂ ಅರ್ಧ ಮೀಟರ್ ಪಕ್ಕಕ್ಕೆ. ಟ್ರೈಪಾಡ್ ಅಲುಗಾಡಬಾರದು. ಹಾರ್ನನ್ನು ಹಿಂದೆ ಮುಂದೆ ಒಂದೊಂದೇ ಮಿಲಿಮೀಟರ್ ಸರಿಸಿ ನೋಡಿ. ಮುಂದೆ ಟೆರೇಸ್ ಮೇಲೆ ಹಾಕಿದರೆ ಮುಚ್ಚಳ ಬೇಕು. ಇಷ್ಟು ಹತ್ತಿರದ ಲಿಂಕಿಗೆ ಮಳೆ ಹನಿಗಿಂತ ಲೆನ್ಸ್ ಮೇಲೆ ಕೂತ ನೀರಿನ ಪದರವೇ ಜಾಸ್ತಿ ಕಾಟ ಕೊಡುತ್ತದೆ.

ಯಲಹಂಕದ ವಿದ್ಯಾರ್ಥಿನಿ:
ಹಾರ್ನ್ 30 ಸೆಂಟಿಮೀಟರ್ ಹಿಂದಕ್ಕೆ ಇಟ್ಟು ನೋಡಿದೆವು ಸರ್. ಇನ್ನೂ 3 ಡಿಬಿ ಏರಿತು! ಗಟ್ಟಿ ಪ್ರಿಂಟ್ ಇವತ್ತು ರಾತ್ರಿ ಹಾಕುತ್ತೇವೆ. ಶನಿವಾರ ರಾಡ್ ತಂದರೆ ತಿರುವಿಕೊಡುತ್ತೀರಾ?

ಪೀಣ್ಯದ ಟರ್ನರ್:
ಬನ್ನಿ. 110 ಮಿಲಿಮೀಟರ್ ರಾಡ್ ತನ್ನಿ, ಚಕ್ಕಿನಲ್ಲಿ ಹಿಡಿಯಲು ಒಂದಿಂಚು ಉದ್ದ ಜಾಸ್ತಿ ಇರಲಿ.